ಗದ್ದ ಹಿಡಿಯುವ ಕೈ

ಮೆಗ್ಗಾನ್ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಸಬಿಹಾ ಮೇಡಂ ನನ್ನ ಬಲಗೈ ಮುಟ್ಟಲೇ ಇಲ್ಲ.
ಒಳಗೊಂದು ತಗಡು, ಏಳು ಸ್ಕ್ರೂ,
ಮೇಲೆ ಮೊಳಕೈವರೆಗೆ ಸಿಮೆಂಟುಪಟ್ಟಿ.
ಅದನ್ನು ಗುರುತಿಲ್ಲದವರ ಹಾಗೆ ದಾಟಿ
ಎಡಗೈ ಕಡೆ ಬೆರಳು ತೋರಿಸಿ, "ಇದನ್ನ ಕೊಡಿ" ಅಂದರು.

ನಕ್ಕೆ. ಮೇಡಂ, ಮುರಿದದ್ದು ಆ ಕಡೆ.
ಬಚ್ಚಲ ಮೆಟ್ಟಿಲ ಪಾಚಿ ಜಾರಿಸಿದ್ದು ಆ ಕಡೆ.
ಇದಕ್ಕೇನಾಗಿದೆ ರೋಗ?

"ಏನೂ ಆಗಿಲ್ಲ, ಅದಕ್ಕೇ ಕೇಳ್ತಿದೀನಿ."
ಹಾಳೆಯ ಮೇಲೊಂದು ತಲೆ ಬರೆದರು,
ಈ ಕಿವಿಯಿಂದ ಆ ಕಿವಿಗೆ ಗೆರೆ ಎಳೆದರು:
ದುಡಿಯುವ ಕೈಗೆ ಹೋಗುವ ಅಪ್ಪಣೆ
ಮಲಗಿದ ಕೈಯ ಬಾಗಿಲನ್ನೂ ತಟ್ಟುತ್ತದಂತೆ.
ಜೋರಾಗಿ ಅಲ್ಲ. ಒಂಚೂರು.
ಮೂವತ್ತೊಂದು ವರ್ಷ ಊರಿನ ತಲೆ ಮುಟ್ಟಿದವನು ನಾನು,
ಒಳಗೆ ಇಂಥ ಗೆರೆ ಇದೆಯೆಂದು
ಒಂದು ತಲೆಯೂ ಹೇಳಿರಲಿಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು,
ಅನ್ನುತ್ತಿದ್ದ ಅಪ್ಪ.
ಇಲ್ಲಿ ಉಲ್ಟಾ.
ಎಡಗೈ ದುಡಿದದ್ದನ್ನು ಚಾಡಿ ಹೇಳಬೇಕು ಬಲಗೈಗೆ,
ದಿನಾ, ಎರಡು ಹೊತ್ತು.

ಮೊಮ್ಮಗಳ ರಬ್ಬರ್ ಚೆಂಡು, ಮೇಲೆ ಅರ್ಧ ಅಳಿಸಿದ ಕರಡಿ;
ಅದರ ಮೂತಿ ಹಿಂಡಬೇಕು, ಇಪ್ಪತ್ತು ಸಲ.
ಲೀಟರ್ ಬಾಟಲಿಗೆ ನಲ್ಲಿಯ ತುಂಗೆ ತುಂಬಿ
ಮಣಿಕಟ್ಟು ಮೇಲಕ್ಕೆ, ಮೂರು ಎಣಿಸಿ, ಕೆಳಕ್ಕೆ.
ಮೂರನೇ ವಾರ ನೀರು ಚೆಲ್ಲಿ ಮರಳು.
ಅಕ್ಕಿ ಆರಿಸುತ್ತ ಗುತ್ಯಮ್ಮ:
"ಒಂದು ಕೈ ಮುರ್ಕಂಡು ಇನ್ನೊಂದನ್ನ
ಗರಡಿಗೆ ಸೇರ್ಸಿದಾನೆ ನಮ್ಮ ಮಹಾರಾಯ."
ನಲ್ಲಿಯ ಹತ್ತಿರವೂ ಹೇಳಿದಳು.
ಸೀಗೆಹಟ್ಟಿ ಒಂದು ವಾರ ನಕ್ಕಿತು.

ಈ ಎಡಗೈ ಆಟಕ್ಕುಂಟು, ಲೆಕ್ಕಕ್ಕಿರಲಿಲ್ಲ.
ಕತ್ತಿ ಕತ್ತರಿಯ ಹೆಸರೆಲ್ಲ ಬಲಗೈದು.
ಇದು ಗದ್ದ ಹಿಡಿಯುತ್ತಿತ್ತು, ಕಿವಿ ಮಡಿಸುತ್ತಿತ್ತು,
ತೂಕಡಿಸುವ ತಲೆಯನ್ನು ನೆಟ್ಟಗೆ ನಿಲ್ಲಿಸುತ್ತಿತ್ತು,
ಕೆನ್ನೆ ಎಳೆದು ಬ್ಲೇಡಿಗೆ ದಾರಿ ಮಾಡಿ
ಪಕ್ಕಕ್ಕೆ ಸರಿಯುತ್ತಿತ್ತು.
ಗಿರಾಕಿಯ ದುಡ್ಡು ಮುಟ್ಟುವ ಹಾಗಿರಲಿಲ್ಲ.
ಹುಡುಗನಿದ್ದಾಗ ಒಮ್ಮೆ ಇದಕ್ಕೆ ಕತ್ತರಿ ಕೊಟ್ಟಿದ್ದೆ.
ಬಾಚಣಿಗೆಯ ಬೆನ್ನಿಂದ ಗೆಣ್ಣಿಗೇ ಬಿಗಿದಿದ್ದ ಅಪ್ಪ.
ಮರೆತಿರಲಿಲ್ಲ ಅಂತ ಕಾಣುತ್ತೆ,
ಮೊದಲ ದಿನ ಚೆಂಡನ್ನೂ ಹೆದರಿ ಹೆದರಿ ಹಿಡಿಯಿತು.

ಅಂಗಡಿಯಲ್ಲಿ ಪರಸ ಒಬ್ಬನೇ.
ನಾನು ಬೆಂಚಿನ ಮೇಲೆ, ಕಾಯುವವರ ಸಾಲಿನಲ್ಲಿ,
ಹಳೇ ಪೇಪರ್ ಓದುತ್ತ ಕರಡಿ ಹಿಂಡುತ್ತಿದ್ದೆ.
ಕನ್ನಡಿಯಲ್ಲಿ ನೋಡಿದರೆ ಹಿಂಡುವುದು ಬಲಗೈ!
ಸುಳ್ಳೆಂದು ಗೊತ್ತಿದ್ದೂ ಖುಷಿಯಾಯಿತು.
ಮಾರನೇ ದಿನದಿಂದ ಕನ್ನಡಿ ಕಡೆಗೇ ಕೂತೆ.

ರಾತ್ರಿ ಸಿಮೆಂಟಿನೊಳಗೆ ಕಡಿತ.
ಊದಿನಕಡ್ಡಿ ತೂರಿಸಿ ಕೆರೆಯುತ್ತ ಕೇಳಿದೆ:
ಏನಾದ್ರೂ ತಲುಪ್ತಾ?
ಬೆಕ್ಕು ಹೆಂಚಿನ ಮೇಲೆ ನಡೆಯಿತು. ಅಷ್ಟೆ.

ಆರು ವಾರ ಮೂರು ದಿನಕ್ಕೆ ಗರಗಸ ಬಂತು.
ಒಳಗಿಂದ ಹೊರಬಿದ್ದದ್ದು ಸಿಪ್ಪೆ ಸುಲಿದ ನುಗ್ಗೇಕಾಯಿ,
ಹುಳಿ ವಾಸನೆ, ಒಣ ಪೊರೆ.
ಗುತ್ಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ಈ ಸಲ ನಗಲಿಲ್ಲ.

ಮೇಡಂ ಮುಳ್ಳಿನ ಯಂತ್ರ ಹಿಡಿಸಿದರು.
ಎಡ: ನಲವತ್ತೊಂದು.
ಬಲ: ಮುಳ್ಳು ತಡವರಿಸಿ ಹದಿನೇಳಕ್ಕೆ ನಿಂತಿತು.
"ಹನ್ನೆರಡು ಬಂದ್ರೆ ಸಾಕು ಅಂದ್ಕೊಂಡಿದ್ದೆ," ಅಂದು
ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.
ಮೇಲಿನ ಆ ಐದು ಯಾರ ಹೆಸರಿಗೆ, ಬರೆಯಲಿಲ್ಲ.

ಮೊದಲ ಗಿರಾಕಿ ಲಾರಿ ಅಲ್ಫೋನ್ಸಣ್ಣ.
ಹೆದರದೆ ಕತ್ತು ಚಾಚಿದ, ಪುಣ್ಯಾತ್ಮ.
ಒಂದು ಕೆನ್ನೆಗೇ ಬಲಗೈ ಸುಸ್ತು;
ಇನ್ನೊಂದನ್ನು ಪರಸ ಮುಗಿಸಿದ.
ಗದ್ದ ಮಾತ್ರ ಕೊನೆವರೆಗೂ ಬಿಡಲಿಲ್ಲ ಎಡಗೈ.

ಅಲ್ಫೋನ್ಸಣ್ಣ ನೋಟು ಚಾಚಿದ.
ಬಲಗೈ ಇನ್ನೂ ನಡುಗುತ್ತಿತ್ತು ಟವಲಿನಡಿ.
ಎಡಗೈ ಮುಂದೆ ಹೋಯಿತು,
ಅರ್ಧಕ್ಕೆ ನಿಂತಿತು, ಹಳೇ ಭಯ.

ತಗೋ, ಅಂದೆ.
ಅವನಿಗಲ್ಲ.